ಗಾಜಿನಮನೆಯ ಪಂಚಾಂಗ

ಲಾಲ್‌ಬಾಗಿನ ಗಾಜಿನಮನೆಯಲ್ಲಿ ವರ್ಷಕ್ಕೆರಡು ಬಾರಿ, ಜನವರಿಯ ಗಣರಾಜ್ಯೋತ್ಸವವನ್ನೂ ಆಗಸ್ಟಿನ ಸ್ವಾತಂತ್ರ್ಯೋತ್ಸವವನ್ನೂ ನಿಮಿತ್ತವಾಗಿಟ್ಟುಕೊಂಡು ನೆರವೇರುವ ಫಲಪುಷ್ಪ ಪ್ರದರ್ಶನವನ್ನು ಒಮ್ಮೆಯಾದರೂ ನೋಡದ ಬೆಂಗಳೂರಿಗರು ವಿರಳ. ಆದರೆ ಆ ಪ್ರದರ್ಶನದ ಹಿಂದೆ ತೋಟಗಾರಿಕೆ ಇಲಾಖೆಗೆ ಹೆಗಲೆಣೆಯಾಗಿ ನಿಂತು, 1912ರಿಂದ ಮೊದಲ್ಗೊಂಡು ಇಂದಿನವರೆಗೂ ಈ ಊರಿನ ಹೂಗಿಡದ ಹುಚ್ಚಿಗೆ ಒಂದು ಶಿಸ್ತನ್ನೂ ಒಂದು ಮರ್ಯಾದೆಯನ್ನೂ ತಂದುಕೊಟ್ಟ ಮೈಸೂರು ಉದ್ಯಾನ ಕಲಾ ಸಂಘವೆಂಬುದೊಂದು ಉಂಟೆಂದು ಬಲ್ಲವರು ಅಷ್ಟು ಮಂದಿಯಿಲ್ಲ. ಅಧ್ಯಕ್ಷರ ಮತ್ತು ಕಾರ್ಯದರ್ಶಿಗಳ ನಾಮಾವಳಿಯನ್ನೂ ಆಯವ್ಯಯದ ವಿವರಗಳನ್ನೂ ಈ ಸಂಚಿಕೆಯಲ್ಲಿ ಅವುಗಳಿಗೆ ತಕ್ಕ ಪುಟಗಳಿಗೆ ಬಿಟ್ಟು, ಸಂಘದ ಚರಿತ್ರೆಯನ್ನು ನಾನಿಲ್ಲಿ ಒಂದು ಗಿಡದ ಪಕ್ಕದಲ್ಲಿ ನಿಂತು ನೋಡಬಯಸುತ್ತೇನೆ. ಆ ಗಿಡವು ನಮ್ಮ ಮಲೆನಾಡಿನ ಮಾವು ಹಲಸುಗಳ ಕೊಂಬೆಗೆ ಅಂಟಿಕೊಂಡು ಬೆಳೆಯುವ ಸೀತಾಳೆ ದಂಡೆ. ಸಸ್ಯಶಾಸ್ತ್ರಜ್ಞರು ರಿಂಕೋಸ್ಟೈಲಿಸ್ ರೆಟೂಸ ಎಂದು ಕರೆಯುವ ಆರ್ಕಿಡ್. ನೂರು ವರ್ಷಗಳಿಗೂ ಮೀರಿದ ಪ್ರದರ್ಶನಗಳ ಪರಂಪರೆಯಲ್ಲಿ ಈ ಗಿಡಕ್ಕೆ ಸಲ್ಲಬೇಕಾದ ಸ್ಥಾನ ಏತಕ್ಕೆ ಸಲ್ಲಲಿಲ್ಲವೆಂಬುದನ್ನು ವಿಚಾರಿಸಹೊರಟರೆ ಸಂಘದ ಹಿರಿಮೆಯೂ ಅದರ ಮಿತಿಯೂ ಒಟ್ಟಿಗೆ ಗೋಚರವಾಗುತ್ತವೆ.

ತೋಟದ ಪೂರ್ವಕಥೆಯನ್ನು ಎಲ್ಲರೂ ಬಲ್ಲರಾದುದರಿಂದ ಸಂಕ್ಷೇಪವಾಗಿ ಹೇಳಿದರೆ ಸಾಕು. 1760ರಲ್ಲಿ ಹೈದರಾಲಿಯು ಅಡಿಪಾಯ ಹಾಕಿ, ಟಿಪ್ಪುವು ದೇಶಾಂತರಗಳಿಂದ ಸಸಿಬೀಜಗಳನ್ನು ತರಿಸಿ ಬೆಳೆಸಿದ ಈ ತೋಟವು 1799ರ ಅನಂತರ ಹಲವು ಕೈಗಳನ್ನು ಬದಲಾಯಿಸಿತು. 1836ರಲ್ಲಿ ಅದನ್ನು ವಿಲಿಯಂ ಮನ್ರೋ ಎಂಬ ಸೈನ್ಯಾಧಿಕಾರಿಯ ಮುಂದಾಳುತನದ ಕೃಷಿ ಮತ್ತು ತೋಟಗಾರಿಕಾ ಸಂಘವೊಂದಕ್ಕೆ ಒಪ್ಪಿಸಲಾಯಿತು; ಆರು ವರ್ಷಗಳೊಳಗಾಗಿ, 1842ರಲ್ಲಿ, ಆ ಸಂಘವು ವಿಸರ್ಜನೆಗೊಂಡಿತು. ಈ ಚಿಕ್ಕ ಘಟನೆಯನ್ನು ಇತಿಹಾಸಕಾರರು ಒಂದು ಸಾಲಿನಲ್ಲಿ ಮುಗಿಸುವುದುಂಟಾದರೂ ಸಂಘಜೀವಿಗಳಾದ ನಾವು ಅದನ್ನು ಅಷ್ಟು ಲಘುವಾಗಿ ದಾಟಲಾಗದು. ಹೂದೋಟವೊಂದನ್ನು ಉತ್ಸಾಹಿಗಳ ಕೂಟವೊಂದೇ ಹೊತ್ತು ನಡೆಸುವುದು ಕಷ್ಟವೆಂಬುದಕ್ಕೆ ಆ ಆರು ವರ್ಷಗಳೇ ಸಾಕ್ಷಿ. ಸರ್ಕಾರವೊಂದೇ ನಡೆಸಿದರೆ ಅಲ್ಲಿ ಊರಿನ ಜನರಿಗೆ ನೋಡುವ ಕೆಲಸವಲ್ಲದೆ ಮತ್ತೇನೂ ಉಳಿಯದೆಂಬುದು ಮುಂದಿನ ಅನುಭವ. 1856ರಲ್ಲಿ ಹ್ಯೂ ಕ್ಲೆಗ್‌ಹಾರ್ನ್‌ನ ಸಲಹೆಯ ಮೇರೆಗೆ ಲಾಲ್‌ಬಾಗ್ ಸರ್ಕಾರೀ ಸಸ್ಯೋದ್ಯಾನವಾಯಿತು. ಎರಡು ವರ್ಷಗಳ ತರುವಾಯ ವಿಲಿಯಂ ನ್ಯೂ ಎಂಬವನು ಅದರ ಮೇಲ್ವಿಚಾರಕನಾಗಿ ಬಂದನು. 1874ರಲ್ಲಿ ಜಾನ್ ಕ್ಯಾಮರಾನ್ ಬಂದನು. ನಮ್ಮ ಅಡಿಗೆಮನೆಗಳಿಗೆ ಸೀಮೆಬದನೆಕಾಯಿಯನ್ನು ತಂದುಕೊಟ್ಟವನೆಂದು ಹೆಸರಾದ ಈ ಕ್ಯಾಮರಾನನ ಕಾಲದಲ್ಲಿಯೇ, 1889ರ ನವೆಂಬರ್ 30ರಂದು, ರಾಜಕುಮಾರ ಆಲ್ಬರ್ಟ್ ವಿಕ್ಟರನು ಗಾಜಿನಮನೆಗೆ ಅಸ್ತಿವಾರದ ಕಲ್ಲನ್ನಿಟ್ಟನು. ಗ್ಲಾಸ್ಗೋ ನಗರದ ಎರಕದ ಕಾರ್ಖಾನೆಯಿಂದ ಬಂದ ಕಬ್ಬಿಣದ ಕಂಬಕಮಾನುಗಳಿಂದ ಎದ್ದುನಿಂತ ಆ ಸೌಧವು ಲಂಡನ್ನಿನ ಸ್ಫಟಿಕಸೌಧವನ್ನು ನೆನಪಿಗೆ ತರುತ್ತಿದ್ದಿತು. ಹೂವಿಗೆ ಮನೆ ಸಿದ್ಧವಾಯಿತು. ಆ ಮನೆಯನ್ನು ತುಂಬುವ ಮನೆಮಂದಿ ಇನ್ನೂ ಸಂಘಟಿತರಾಗಬೇಕಾಗಿದ್ದಿತು.

ಸಂಘವು ಹುಟ್ಟಿದ 1912ರ ವರ್ಷವು ಮೈಸೂರು ಸೀಮೆಯಲ್ಲಿ ಸಂಸ್ಥೆಗಳು ತಲೆಯೆತ್ತುತ್ತಿದ್ದ ಕಾಲ. ಹಿಂದಿನ ವರ್ಷವಷ್ಟೇ ಸಂಪದಭ್ಯುದಯ ಸಮಾಜವು ಪ್ರಾರಂಭವಾಗಿದ್ದಿತು. ಆ ವರ್ಷದ ನವೆಂಬರಿನಲ್ಲಿ ವಿಶ್ವೇಶ್ವರಯ್ಯನವರು ದಿವಾನಗಿರಿಯನ್ನು ವಹಿಸಿಕೊಂಡರು. ಪ್ರಜೆಗಳು ಒಂದೆಡೆ ಕುಳಿತು, ನಿಯಮಗಳನ್ನು ಬರೆದುಕೊಂಡು, ಚಂದಾ ಕೊಟ್ಟು, ಸ್ಪರ್ಧೆಯಿಂದಲೂ ಬಹುಮಾನದಿಂದಲೂ ತಮ್ಮ ತಮ್ಮ ಕಸುಬನ್ನು ಮೇಲೆತ್ತಿಕೊಳ್ಳಬಲ್ಲರೆಂಬ ನಂಬಿಕೆ ಅಂದಿನ ಗಾಳಿಯಲ್ಲಿಯೇ ಇದ್ದಿತು. ಲಾಲ್‌ಬಾಗಿನಲ್ಲಿ ಆ ನಂಬಿಕೆಗೆ ಆಕಾರ ಕೊಟ್ಟವರು ಗುಸ್ತಾವ್ ಹರ್ಮನ್ ಕ್ರುಂಬಿಗಲ್ಲರು. 1865ರಲ್ಲಿ ಡ್ರೆಸ್ಡನ್ನಿನ ಸಮೀಪದಲ್ಲಿ ಹುಟ್ಟಿ, ಲಂಡನ್ನಿನ ಕ್ಯೂ ಉದ್ಯಾನದಲ್ಲಿ ಪಳಗಿ, 1893ರಲ್ಲಿ ಬರೋಡೆಯ ಮಹಾರಾಜರ ಸೇವೆಗೆ ಬಂದು, ಉದಕಮಂಡಲವನ್ನೂ ಕಂಡು, 1908ರಲ್ಲಿ ಲಾಲ್‌ಬಾಗಿಗೆ ಬಂದ ಈ ಜರ್ಮನ್ ಪಂಡಿತರು 1932ರವರೆಗೆ ಇಲ್ಲಿಯ ಅಧಿಕಾರದಲ್ಲಿದ್ದರು. ಯುದ್ಧಕಾಲದಲ್ಲಿ ಶತ್ರುದೇಶದವರೆಂಬ ಕಾರಣಕ್ಕೆ ಬಂಧನವನ್ನೂ ಅನುಭವಿಸಿದರು. ನಿವೃತ್ತರಾದ ಮೇಲೂ ಹುಟ್ಟೂರಿಗೆ ಹಿಂದಿರುಗದೆ 1956ರಲ್ಲಿ ಬೆಂಗಳೂರಿನಲ್ಲಿಯೇ ಕಾಲವಾದರು. ಬೃಂದಾವನದ ವಿನ್ಯಾಸದಲ್ಲಿ ಅವರ ಕೈಯಿದ್ದುದನ್ನು ಲೋಕ ಬಲ್ಲದು. ನನ್ನ ಪ್ರಕೃತ ವಿಷಯಕ್ಕೆ ಅದಕ್ಕಿಂತ ಮುಖ್ಯವಾದುದು ಅವರ ಇನ್ನೊಂದು ಯೋಜನೆ: ಬೆಂಗಳೂರಿನ ಬೀದಿಗಳಲ್ಲಿ ಮರಗಳನ್ನು ನೆಡಿಸುವಾಗ ಅವು ಒಂದಾದಮೇಲೊಂದರಂತೆ, ವರ್ಷದ ಯಾವ ತಿಂಗಳೂ ಹೂವಿಲ್ಲದೆ ಹೋಗದಂತೆ, ಸರದಿಯಾಗಿ ಅರಳಬೇಕೆಂಬುದು ಅವರ ಸಂಕಲ್ಪವಾಗಿದ್ದಿತು. ಬೇಸಗೆ ಕಾಲಿಡುವ ಮುನ್ನ ಜಕರಾಂಡ, ಯುಗಾದಿಯ ಸುಮಾರಿಗೆ ಹೊಂಗೆ, ಬಿಸಿಲು ಕಾದಂತೆ ಗುಲ್‌ಮೊಹರು, ಕಕ್ಕೆ ಮತ್ತು ಹೊಳೆದಾಸವಾಳ, ಮಳೆ ಹಿಂದೆಗೆದ ಮೇಲೆ ಆಕಾಶಮಲ್ಲಿಗೆ, ಹೀಗೆ ಬೀದಿಯಲ್ಲಿ ನಡೆಯುವವನು ತಲೆಯೆತ್ತಿದರೆ ತಿಂಗಳ ಹೆಸರನ್ನು ಹೇಳಬಹುದಾದ ಊರು ನಮ್ಮದಾದುದು ಆ ಸಂಕಲ್ಪದ ಫಲ. ಊರಿಗೆ ಹನ್ನೆರಡು ತಿಂಗಳ ಪಂಚಾಂಗವನ್ನು ಬರೆದುಕೊಟ್ಟ ಮಹಾಶಯರೇ ಸಂಘದ ಪ್ರದರ್ಶನಕ್ಕೆ ಅಡಿಪಾಯ ಹಾಕಿದರೆಂಬುದನ್ನು ವಾಚಕರು ನೆನಪಿನಲ್ಲಿಟ್ಟುಕೊಳ್ಳಬೇಕಾಗಿ ಪ್ರಾರ್ಥನೆ. ಮುಂದೆ ಅದರ ಅಗತ್ಯ ಬೀಳುತ್ತದೆ.

ಪ್ರದರ್ಶನವೆಂದರೆ ಗೊತ್ತಾದ ದಿನಕ್ಕೆ ಹೂವನ್ನು ಅರಳಿಸುವ ವಿದ್ಯೆ. ಸಾಲ್ವಿಯ, ಪೆಟೂನಿಯ, ಚೆಂಡುಹೂವು ಮುಂತಾದ ವಾರ್ಷಿಕ ಗಿಡಗಳ ವಿಷಯದಲ್ಲಿ ಈ ವಿದ್ಯೆ ಲೆಕ್ಕಾಚಾರದಿಂದ ಸಾಧ್ಯವಾಗತಕ್ಕುದು: ಇಂತಿಷ್ಟು ದಿನಗಳಲ್ಲಿ ಮೊಗ್ಗೆಂದು ಬಲ್ಲ ಮಾಲಿಯು ಪ್ರದರ್ಶನಕ್ಕೆ ಮೂರು ತಿಂಗಳಿರುವಾಗಲೇ ಸಸಿಮಡಿಯಲ್ಲಿ ಬೀಜ ಚೆಲ್ಲಿ, ತಕ್ಕ ಹೊತ್ತಿಗೆ ಕುಂಡಕ್ಕೆ ವರ್ಗಾಯಿಸಿ, ಅವಸರ ಮಾಡಿದ ಗಿಡದ ಕುಡಿ ಚಿವುಟಿ, ತಡಮಾಡಿದ ಗಿಡವನ್ನು ಬಿಸಿಲಿಗೆ ಸರಿಸಿ, ಕೊನೆಗೆ ಸಾವಿರಾರು ಕುಂಡಗಳು ಒಂದೇ ವಾರದಲ್ಲಿ ಬಾಯ್ದೆರೆಯುವಂತೆ ಮಾಡುತ್ತಾನೆ. ಈ ಮಾಲಿಗಳ ಹೆಸರು ಯಾವ ಸ್ಮರಣ ಸಂಚಿಕೆಯಲ್ಲಿಯೂ ಅಚ್ಚಾಗುವುದಿಲ್ಲ. ಅದು ನಮ್ಮ ಸಂಸ್ಥೆಗಳ ಹಳೆಯ ರೂಢಿ, ಒಳ್ಳೆಯ ರೂಢಿಯಂತೂ ಅಲ್ಲ. ಕ್ರುಂಬಿಗಲ್ಲರ ತರುವಾಯ ಅವರ ಸ್ಥಾನಕ್ಕೆ ಬಂದ ಮೊದಲ ಭಾರತೀಯರಾದ ಎಚ್. ಸಿ. ಜವರಾಯರ ಕಾಲದಲ್ಲಿ, 1935ರಲ್ಲಿ, ಗಾಜಿನಮನೆಯು ಪೂರ್ವದಿಕ್ಕಿಗೆ ವಿಸ್ತಾರವಾಯಿತು. ಹಾರ್ವರ್ಡಿನಲ್ಲಿ ವಿದ್ಯಾಭ್ಯಾಸ ಮುಗಿಸಿ ಬಂದ ಡಾಕ್ಟರ್ ಎಂ. ಎಚ್. ಮರೀಗೌಡರು ತೋಟಗಾರಿಕೆಯನ್ನು ಅರಮನೆಯ ಅಲಂಕಾರದ ಅಂತಸ್ತಿನಿಂದ ರೈತನ ಜೀವನೋಪಾಯದ ಅಂತಸ್ತಿಗೆ ತಂದರು. 1959ರಲ್ಲಿ ಇಂದಿನ ಹಾಪ್‌ಕಾಮ್ಸಿನ ಮೂಲವಾದ ಸಹಕಾರ ಸಂಘ, 1963ರಲ್ಲಿ ತೋಟಗಾರಿಕೆಗೆ ಪ್ರತ್ಯೇಕ ಇಲಾಖೆ, ಇವೆರಡೂ ಅವರ ಕಾಲದ ಕೆಲಸಗಳು. ಇಲಾಖೆಯೊಂದು ಕಡೆ, ಬೆಳೆಗಾರರ ಸಹಕಾರ ಸಂಘಗಳು ಇನ್ನೊಂದು ಕಡೆ, ಹವ್ಯಾಸಿಗಳ ಉದ್ಯಾನ ಕಲಾ ಸಂಘ ಮತ್ತೊಂದು ಕಡೆ, ಈ ಅಂಗಗಳೆಲ್ಲ ಕೂಡಿ ನಡೆಯಬೇಕೆಂಬ ಅವರ ವಿವೇಕವೇ 1842ರ ವೈಫಲ್ಯಕ್ಕೆ ದೊರೆತ ಉತ್ತರವೆಂದು ನಾನು ತಿಳಿದಿದ್ದೇನೆ.

ಆರ್ಕಿಡ್ಡಿನ ಕಥೆ ಮಾತ್ರ ಬೇರೆ. ಲಾಲ್‌ಬಾಗ್ ಸರ್ಕಾರೀ ತೋಟವಾದ ಆ 1856ರಲ್ಲಿಯೇ, ಇಂಗ್ಲೆಂಡಿನ ಎಕ್ಸೆಟರ್ ಊರಿನ ವೀಚ್ ಮನೆತನದ ನರ್ಸರಿಯಲ್ಲಿ ಜಾನ್ ಡೊಮಿನಿ ಎಂಬ ತೋಟಗಾರನು ಎರಡು ಜಾತಿಗಳನ್ನು ಕೂಡಿಸಿ ಪಡೆದ ಕ್ಯಾಲಾಂತೆಯೊಂದು ಹೂಬಿಟ್ಟಿತು. ಮನುಷ್ಯನ ಕೈಯಿಂದ ಹುಟ್ಟಿ ಅರಳಿದ ಮೊದಲ ಸಂಕರ ಆರ್ಕಿಡ್ ಅದು. ಅಲ್ಲಿಂದ ಮುಂದೆ ಬಹುಕಾಲ ಈ ಗಿಡವು ಸಿರಿವಂತರ ಗಾಜಿನಮನೆಗಳ ಸೆರೆಯಾಳಾಗಿದ್ದುದಕ್ಕೆ ಕಾರಣ ಅದರ ಬೀಜ. ಧೂಳಿನಂತೆ ಹಾರುವ ಆ ಬೀಜದಲ್ಲಿ ಮೊಳೆಗೆ ಬೇಕಾದ ಆಹಾರದ ಬುತ್ತಿಯೇ ಇರುವುದಿಲ್ಲ. ಕಾಡಿನಲ್ಲಿ ಒಂದು ಬಗೆಯ ಶಿಲೀಂಧ್ರವು ಬಂದು ಉಣಿಸಿದರೆ ಮಾತ್ರ ಅದು ಬದುಕುತ್ತದೆ. 1922ರಲ್ಲಿ ಅಮೆರಿಕದ ಲೂಯಿಸ್ ನಡ್ಸನ್ ಎಂಬ ವಿಜ್ಞಾನಿಯು ಶಿಲೀಂಧ್ರದ ಹಂಗಿಲ್ಲದೆ, ಸಕ್ಕರೆ ಬೆರಸಿದ ಅಗರಿನ ಮೇಲೆ, ಗಾಜಿನ ಸೀಸೆಯಲ್ಲಿಯೇ ಆ ಬೀಜವನ್ನು ಮೊಳೆಯಿಸಬಹುದೆಂದು ತೋರಿಸಿಕೊಟ್ಟನು. 1960ರಲ್ಲಿ ಫ್ರಾನ್ಸಿನ ಜಾರ್ಜ್ ಮೊರೆಲ್ ಎಂಬವನು ಕುಡಿಯ ತುದಿಯ ಅಣುಮಾತ್ರದಿಂದ ಸಿಂಬಿಡಿಯಂ ಗಿಡವನ್ನು ಮರಳಿ ಪಡೆಯುವ ವಿಧಾನವನ್ನು ಪ್ರಕಟಿಸಿದನು. ಈ ಎರಡು ಶೋಧನೆಗಳ ಬಲದಿಂದಲೇ, ಒಂದು ಕಾಲಕ್ಕೆ ಜಮೀನ್ದಾರರ ಐಶ್ವರ್ಯವಾಗಿದ್ದ ಗಿಡವು ಇಂದು ಥೈಲೆಂಡಿನ ನೇರಳೆ ಬಿಳುಪಿನ ಡೆಂಡ್ರೋಬಿಯಂ ಆಗಿ ನಮ್ಮ ಮದುವೆಯ ಮಂಟಪಗಳಲ್ಲಿಯೂ, ಸಾಮಾನ್ಯ ಗೃಹಸ್ಥರ ಮಹಡಿಯ ಮೇಲಿನ ಕುಂಡಗಳಲ್ಲಿಯೂ ಕಾಣಬರುತ್ತಿರುವುದು. ಈ ಗಿಡಕ್ಕೆಂದೇ ಮುಡಿಪಾದ ಕರ್ನಾಟಕ ಆರ್ಕಿಡ್ ಸೊಸೈಟಿಯೂ ಬೆಂಗಳೂರಿನಲ್ಲಿ ಕೆಲಸ ಮಾಡುತ್ತಿದೆ.

ಹೀಗೆ ಒಂದೇ ಗಿಡದ ಹುಚ್ಚಿನವರು ಒಂದೆಡೆ ಸೇರುವುದನ್ನು ಹೊರಗಿನವರು ನೋಡಿ ನಗುವುದುಂಟು. ಆದರೆ ಆರ್ಕಿಡ್ಡನ್ನು ಪುಸ್ತಕ ನೋಡಿ ಬೆಳೆಸಿದವರಿಗಿಂತ ಪಕ್ಕದವರನ್ನು ಕೇಳಿ ಬೆಳೆಸಿದವರೇ ಹೆಚ್ಚು ಗೆದ್ದಿರುವರೆಂಬುದು ಸತ್ಯ. ಪುಸ್ತಕವು ಇಂಗ್ಲೆಂಡಿನ ಚಳಿಯನ್ನೋ ಸಿಂಗಪುರದ ತೇವವನ್ನೋ ಮನಸ್ಸಿನಲ್ಲಿಟ್ಟುಕೊಂಡು ಬರೆದುದಾಗಿರುತ್ತದೆ. ಸಮುದ್ರಮಟ್ಟದಿಂದ ಮೂರು ಸಾವಿರ ಅಡಿಗಳೆತ್ತರದ ಬೆಂಗಳೂರಿನಲ್ಲಿ, ಫೆಬ್ರವರಿಯಿಂದ ಏಪ್ರಿಲ್‌ವರೆಗೆ ಬೀಸುವ ಒಣಗಾಳಿಗೆ ವಾಂಡಾ ಆರ್ಕಿಡ್ಡಿನ ನೇತಾಡುವ ಬೇರು ಹೇಗೆ ಸುರುಟಿಕೊಳ್ಳುತ್ತದೆಂಬುದನ್ನು ಹೇಳುವವರು ಈ ಊರಿನವರೇ ಆಗಬೇಕು. ಇಲ್ಲಿಯ ಅನುಭವಿಗಳು ಹೇಳುವ ಮಾತು ಸರಳವಾದುದು. ಕುಂಡಕ್ಕೆ ಮಣ್ಣು ಹಾಕತಕ್ಕುದಲ್ಲ. ಇದ್ದಲಿನ ತುಂಡು, ಇಟ್ಟಿಗೆಯ ಚೂರು, ನೆನೆಸಿ ಕಸರು ತೆಗೆದ ತೆಂಗಿನ ಸಿಪ್ಪೆ, ಇಷ್ಟನ್ನು ಗಾಳಿಯಾಡುವಂತೆ ತುಂಬಬೇಕು. ಕುಂಡದ ಪಕ್ಕಗಳಲ್ಲಿಯೂ ತೂತುಗಳಿರಬೇಕು. ನೀರನ್ನು ಬೆಳಗಿನ ಹೊತ್ತು ಕೊಡಬೇಕು, ಸಂಜೆಯ ವೇಳೆಗೆ ಎಲೆಯ ಕಂಕುಳಲ್ಲಿ ಹನಿಯೂ ನಿಲ್ಲಬಾರದು. ಗೊಬ್ಬರವನ್ನು ನೀರಿನಂತೆ ತೆಳುವಾಗಿಸಿ ಆಗಾಗ ಕೊಡಬೇಕು. ಹೊಸಬರ ಗಿಡಗಳು ನೀರಿಲ್ಲದೆ ಸಾಯುವುದು ಅಪರೂಪ. ಅವು ಸಾಯುವುದು ಅಕ್ಕರೆಯಿಂದ ದಿನಕ್ಕೆ ಎರಡು ಬಾರಿ ನೀರೆರೆದು ಬೇರು ಕೊಳೆಯಿಸಿದುದರಿಂದ. ಮಲೆಯ ತಂಪನ್ನು ಬಯಸುವ ಸಿಂಬಿಡಿಯಂ ಇಲ್ಲಿ ಎಲೆಯನ್ನು ಸಮೃದ್ಧವಾಗಿ ಬಿಟ್ಟು ಹೂವಿಗೆ ಮಾತ್ರ ಮುನಿಸಿಕೊಂಡಿರುವುದೂ, ಡೆಂಡ್ರೋಬಿಯಂ ಮತ್ತು ವಾಂಡಾಗಳು ಒಗ್ಗಿಕೊಳ್ಳುವುದೂ ಇಂಥ ಕೂಟಗಳ ಮಾತುಕತೆಯಲ್ಲಿಯೇ ತಿಳಿದುಬರತಕ್ಕ ಸಂಗತಿಗಳು.

ಪ್ರದರ್ಶನಕ್ಕೆ ಗಿಡವನ್ನು ಸಿದ್ಧಪಡಿಸುವುದು ಇನ್ನೊಂದು ವಿದ್ಯೆ. ಹೂದಂಡು ಹೊರಟು ಮೊಗ್ಗು ಮೂಡಿದ ಕ್ಷಣದಿಂದ ಕುಂಡವನ್ನು ಅತ್ತಿತ್ತ ತಿರುಗಿಸಕೂಡದು. ತಿರುಗಿಸಿದರೆ ಹೂಗಳು ಬೆಳಕನ್ನು ಅರಸಿ ಒಂದೊಂದು ಒಂದೊಂದು ದಿಕ್ಕಿಗೆ ಮುಖಮಾಡಿ, ದಂಡೆಯ ಸಾಲು ಕೆಟ್ಟುಹೋಗುತ್ತದೆ. ಮೊಗ್ಗು ಒಡೆಯುವ ಮುನ್ನವೇ ದಂಡಿಗೆ ಬಿದಿರಿನ ಸಿಗುರೊಂದನ್ನು ಆಧಾರಕೊಟ್ಟು, ಕಣ್ಣಿಗೆ ಬೀಳದ ಹಾಗೆ ದಾರದಿಂದ ಸಡಿಲವಾಗಿ ಕಟ್ಟಬೇಕು. ಹಿಂದಿನ ದಿನ ಸಾಯಂಕಾಲ ಎಲೆಗಳನ್ನು ಒರೆಸುವ ಕೆಲಸ: ನಮ್ಮ ಕೊಳವೆಬಾವಿಯ ಗಡಸುನೀರು ಎಲೆಯ ಮೇಲೆ ಬಿಟ್ಟುಹೋಗುವ ಬಿಳಿಯ ಕಲೆಯು ಬರಿಯ ನೀರಿಗೆ ಹೋಗುವುದಿಲ್ಲ, ನಿಂಬೆಯ ರಸದಲ್ಲಿ ಅದ್ದಿ ಹಿಂಡಿದ ಮೆತ್ತನೆಯ ಬಟ್ಟೆಯಿಂದ, ಎಲೆಯ ಅಡಿಗೆ ಅಂಗೈಯನ್ನು ಹಿಡಿದು, ಬುಡದಿಂದ ತುದಿಯ ಕಡೆಗೆ ಒಂದೇ ಎಳೆತದಲ್ಲಿ ಒರಸಬೇಕು, ಅನಂತರ ಶುದ್ಧಜಲದಿಂದ ತೊಳೆಯಬೇಕು. ಬಾಡಿದ ಹೂವನ್ನೂ ಒಣಗಿದ ಪೊರೆಯನ್ನೂ ತೆಗೆದು, ಕುಂಡದ ಹೊರಮೈಯ ಪಾಚಿಯನ್ನು ಉಜ್ಜಿ, ಹೆಸರಿನ ಚೀಟಿಯಲ್ಲಿ ತಂದೆ ಯಾವ ಗಿಡ, ತಾಯಿ ಯಾವ ಗಿಡವೆಂಬುದನ್ನು ತಪ್ಪಿಲ್ಲದೆ ಬರೆಯಬೇಕು. ಆರ್ಕಿಡ್ಡಿನ ಲೋಕದಲ್ಲಿ ವಂಶಾವಳಿಗೆ ಇರುವ ಮಹತ್ತ್ವ ನಮ್ಮ ಮದುವೆಯ ಮಾತುಕತೆಗಳಲ್ಲಿಯೂ ಇರಲಾರದು: ಸಂಕರ ಜಾತಿಗಳ ನೋಂದಣಿಯ ಗ್ರಂಥವನ್ನು ಮೊದಲು ಸ್ಯಾಂಡರ್ ಮನೆತನದವರು ಇಟ್ಟುಕೊಂಡು ಬಂದರು, 1961ರಿಂದ ಲಂಡನ್ನಿನ ರಾಯಲ್ ಹಾರ್ಟಿಕಲ್ಚರಲ್ ಸೊಸೈಟಿ ಅದನ್ನು ಮುಂದುವರಿಸಿಕೊಂಡು ಬಂದಿದೆ. ತೀರ್ಪಿನಲ್ಲಿಯೂ ಇಂಥದೇ ಕಟ್ಟುನಿಟ್ಟು. ಅಮೆರಿಕದ ಆರ್ಕಿಡ್ ಸೊಸೈಟಿಯ ತೀರ್ಪುಗಾರರು ನೂರು ಅಂಕಗಳ ಮಾನದಿಂದ ಅಳೆದು, 75 ಮುಟ್ಟಿದ ಹೂವಿಗೆ ಒಂದು ಮನ್ನಣೆ, 80 ಮುಟ್ಟಿದುದಕ್ಕೆ ಅದಕ್ಕಿಂತ ಮೇಲಿನದು, 90 ಮುಟ್ಟಿದ ಅಪೂರ್ವಕ್ಕೆ ಪ್ರಥಮ ದರ್ಜೆಯ ಪತ್ರ ಕೊಡುವರು. ಇಷ್ಟೆಲ್ಲ ಸಿದ್ಧತೆಯ ಅನಂತರ ಮುಂಜಾನೆ ಆಟೋರಿಕ್ಷಾದಲ್ಲಿ, ಒಂದು ಕೈಯಿಂದ ಕುಂಡವನ್ನೂ ಇನ್ನೊಂದು ಕೈಯಿಂದ ಹೂದಂಡನ್ನೂ ಹಿಡಿದು, ರಸ್ತೆಯ ಒಂದೊಂದು ಉಬ್ಬಿಗೂ ಉಸಿರು ಬಿಗಿಹಿಡಿದು ಬರುವ ಸದಸ್ಯರ ಮುಖದ ಗಾಂಭೀರ್ಯವನ್ನು ನೋಡಿಯೇ ತಿಳಿಯಬೇಕು.

ಈಗ ಸೀತಾಳೆ ದಂಡೆಯ ವಿಷಯ. ನೂರಕ್ಕೂ ಮೀರಿದ ಪುಟ್ಟ ಹೂಗಳು, ಬಿಳಿಯ ಮೈಮೇಲೆ ನಸುನೇರಳೆಯ ಚುಕ್ಕೆಗಳು, ಒಂದು ಅಡಿಯುದ್ದದ ಒತ್ತಾದ ಜಡೆಯಾಗಿ ಕೆಳಮುಖವಾಗಿ ಇಳಿಬಿದ್ದು, ಬಹುಮಟ್ಟಿಗೆ ಒಟ್ಟಿಗೇ ಅರಳುತ್ತವೆ. ವನವಾಸದಲ್ಲಿ ಜಾನಕಿಯು ಇದನ್ನು ಮುಡಿದಳೆಂಬುದು ಜನರ ನಂಬುಗೆ. ಅಸ್ಸಾಮಿನವರು ಇದೇ ಹೂವನ್ನು ಕೊಪೌ ಎಂದು ಕರೆದು, ಬಿಹು ಹಬ್ಬದ ನರ್ತಕಿಯರ ಮುಡಿಗೇರಿಸಿ, ತಮ್ಮ ರಾಜ್ಯಪುಷ್ಪದ ಪದವಿಯನ್ನೂ ಕೊಟ್ಟಿದ್ದಾರೆ. ಅಲ್ಲಿ ಹೂವಿನ ಕಾಲವೂ ಹಬ್ಬದ ಕಾಲವೂ ಒಂದಾಗಿ ಕೂಡಿಬಂದವು. ನಮ್ಮಲ್ಲಿ ಅದು ಅರಳುವುದು ಮೇ ತಿಂಗಳಿನಿಂದ ಜೂನ್‌ವರೆಗೆ, ಮುಂಗಾರಿನ ಮೊದಲ ಮಳೆಗಳ ಆಸುಪಾಸಿನಲ್ಲಿ. ಎರಡು ವಾರದ ಸುಮಾರಿಗೆ ಮುಗಿದೂಹೋಗುತ್ತದೆ. ಜನವರಿಯ ಪ್ರದರ್ಶನಕ್ಕೆ ಅದು ಬರಿಯ ಎಲೆ. ಆಗಸ್ಟಿನ ಪ್ರದರ್ಶನಕ್ಕೆ ಬರಿಯ ಕಾಯಿ. ಪೆಟೂನಿಯದಂತೆ ಅದನ್ನು ಮೂರು ತಿಂಗಳ ಮುಂಚೆ ಬಿತ್ತಿ ದಿನಕ್ಕೆ ಸರಿಯಾಗಿ ಎಬ್ಬಿಸಲಾಗದು. ಬೀಜದಿಂದ ಹೂವಿಗೆ ಹಲವು ವರ್ಷಗಳ ದಾರಿ. ಪಶ್ಚಿಮಘಟ್ಟದ ಇತರ ಆರ್ಕಿಡ್ಡುಗಳಲ್ಲಿ ಏರೈಡಿಸ್ ಕ್ರಿಸ್ಪವೂ ಮಳೆಗಾಲದ ಬಾಗಿಲಲ್ಲಿಯೇ ಅರಳತಕ್ಕುದು. ಎಲೆಯುದುರಿದ ಬತ್ತಲೆ ಕಾಂಡಗಳ ತುಂಬ ಬಿಳಿಯ ಹೂವನ್ನು ಹೊದ್ದು ನಿಲ್ಲುವ ಡೆಂಡ್ರೋಬಿಯಂ ಬಾರ್ಬಟ್ಯುಲಂ ಜನವರಿಗೆ ಸರಿಹೊಂದಬಹುದಾದ ಒಂದು ಪುಣ್ಯವಂತ ಗಿಡ. ಆಗಸ್ಟಿನ ಸುಮಾರಿಗೆ ಹುಲ್ಲುಗಾವಲಿನಲ್ಲಿ ಹೂಬಿಡುವ ಹಬನೇರಿಯಗಳು ಬೇಸಗೆಯನ್ನೆಲ್ಲ ಗೆಡ್ಡೆಯಾಗಿ ನೆಲದೊಳಗೆ ನಿದ್ರಿಸುವಂಥವು, ಕುಂಡದ ಬಾಳಿಗೆ ಸುಲಭವಾಗಿ ಒಗ್ಗವು. ಹೀಗಾಗಿ ಗಾಜಿನಮನೆಗೆ ಬರುವ ಆರ್ಕಿಡ್ ಬಹುಮಟ್ಟಿಗೆ ಹೊರನಾಡಿನ ಸಂಕರ ಗಿಡವೇ ಆಗಿ, ಸಕಲೇಶಪುರದಲ್ಲಿಯೋ ಆಗುಂಬೆಯಲ್ಲಿಯೋ ಹುಟ್ಟಿದ ಬಾಲಕನು ಬೆಂಗಳೂರಿಗೆ ಬಂದು ಪ್ರದರ್ಶನದಲ್ಲಿ ಆರ್ಕಿಡ್ ಎಂದರೆ ಥೈಲೆಂಡಿನದೆಂದು ತಿಳಿದು ಹಿಂದಿರುಗುವಂತಾಗಿದೆ. ಎರಡು ರಾಷ್ಟ್ರೀಯ ಹಬ್ಬಗಳಿಗೆ ಪ್ರದರ್ಶನವನ್ನು ಹೊಂದಿಸಿದುದು ಉಚಿತವೇ ಆಗಿದ್ದಿತು, ರಜದ ದಿನ, ಜನದ ಉತ್ಸಾಹ, ಹಿತವಾದ ಹವೆ ಎಲ್ಲವೂ ಅದಕ್ಕೆ ಅನುಕೂಲ; ಕಾಡಿನ ಗಿಡವು ಮಾತ್ರ ಆ ಒಪ್ಪಂದಕ್ಕೆ ಸಹಿ ಹಾಕಿರಲಿಲ್ಲ. ಊರಿನ ಬೀದಿಗಳಿಗೆ ಹನ್ನೆರಡು ತಿಂಗಳ ಪಂಚಾಂಗವನ್ನು ಬರೆದ ಕ್ರುಂಬಿಗಲ್ಲರು ಅಡಿಪಾಯ ಹಾಕಿದ ಪ್ರದರ್ಶನಕ್ಕೆ ಎರಡೇ ತಿಂಗಳ ಪಂಚಾಂಗ ಉಳಿಯಿತು.

ಇತ್ತೀಚಿನ ದಶಕಗಳಲ್ಲಿ ಗಾಜಿನಮನೆಯ ನಡುಮಧ್ಯವನ್ನು ಲಕ್ಷಗಟ್ಟಲೆ ಗುಲಾಬಿ ಸೇವಂತಿಗೆಗಳಿಂದ ಕಟ್ಟಿದ ಸೌಧಗಳೂ ಪ್ರತಿಮೆಗಳೂ ಆಕ್ರಮಿಸಿಕೊಂಡಿವೆ. 2020ರ ಜನವರಿಯ 211ನೆಯ ಪ್ರದರ್ಶನವಾದ ಮೇಲೆ ಮಹಾಮಾರಿಯ ನಿಮಿತ್ತ ಎರಡೂವರೆ ವರ್ಷ ಪ್ರದರ್ಶನ ನಿಂತುಹೋಗಿ, 2022ರ ಆಗಸ್ಟಿನಲ್ಲಿ 212ನೆಯದು ರಾಜ್‌ಕುಮಾರ್ ಮತ್ತು ಪುನೀತ್ ರಾಜ್‌ಕುಮಾರರ ಸ್ಮರಣೆಯಲ್ಲಿ ನಡೆದಾಗ ನೆರೆದ ಜನಸಾಗರವನ್ನು ಕಂಡವರು ಇಂಥ ರಚನೆಗಳ ಆಕರ್ಷಣೆಯನ್ನು ಅಲ್ಲಗಳೆಯಲಾರರು. ನಾನೂ ಅಲ್ಲಗಳೆಯುವುದಿಲ್ಲ. ಆದರೂ ಕೊಯ್ದ ಹೂವಿನ ಕಟ್ಟಡವನ್ನು ನೋಡಲು ಬಂದವರು ಬೇರಿರುವ ಗಿಡದ ಮುಂದೆ ಅರೆಗಳಿಗೆಯೂ ನಿಲ್ಲದೆ ಸಾಗಿಹೋಗುವ ಪ್ರದರ್ಶನದಲ್ಲಿ ಉದ್ಯಾನ ಕಲಾ ಸಂಘದ ಮೂಲೋದ್ದೇಶವು ಹಿಂದೆ ಸರಿದಿದೆಯೆಂಬುದು ನನ್ನ ಅಭಿಪ್ರಾಯ. ಕುಂಡದ ಗಿಡಗಳ ಸ್ಪರ್ಧೆ, ಮನೆಯಂಗಳದ ತೋಟಗಳ ಸ್ಪರ್ಧೆ, ಇಕೆಬಾನ, ಬೊನ್ಸಾಯ್ ಮೊದಲಾದವುಗಳು ಈಗಲೂ ನಡೆಯುತ್ತಿರುವುದು ಸಮಾಧಾನದ ಸಂಗತಿ. ಸಂಘದ ಜೀವ ಅಲ್ಲಿದೆ.

ಆದುದರಿಂದ ಸಂಘದ ಕಾರ್ಯಕಾರೀ ಸಮಿತಿಯವರಲ್ಲಿ ಈ ಸಂಚಿಕೆಯ ಮೂಲಕ ನನ್ನದೊಂದು ಅರಿಕೆ. ಮೇ ಜೂನ್ ತಿಂಗಳುಗಳಲ್ಲಿ ಲಾಲ್‌ಬಾಗಿನಲ್ಲಿ ಮಾವಿನ ಮೇಳ ನೆರೆಯುತ್ತದೆ. ಬಾದಾಮಿ, ರಸಪುರಿ, ಮಲ್ಲಿಕಾಗಳನ್ನು ಕೊಳ್ಳಲು ಊರಿಗೆ ಊರೇ ಬರುತ್ತದೆ. ಅದೇ ದಿನಗಳಲ್ಲಿ, ಅದೇ ತೋಟದಲ್ಲಿರುವ ಮರೀಗೌಡ ಸ್ಮಾರಕ ಭವನದಲ್ಲಿ, ನಮ್ಮ ನಾಡಿನ ಆರ್ಕಿಡ್ಡುಗಳಿಗೆಂದೇ ಮೂರನೆಯ ಪ್ರದರ್ಶನವೊಂದನ್ನು ಚಿಕ್ಕ ಪ್ರಮಾಣದಲ್ಲಿಯಾದರೂ ಏರ್ಪಡಿಸಬೇಕು. ಅದಕ್ಕೊಂದು ನಿಯಮ ಮಾತ್ರ ಕಡ್ಡಾಯವಾಗಿರಲಿ: ಮೇಜಿನ ಮೇಲೆ ಬರುವ ಗಿಡವು ಸೀಸೆಯಲ್ಲಿ ಮೊಳೆತುದೋ, ಮನೆಯಲ್ಲಿ ಬೆಳೆದ ಗಿಡದಿಂದ ವಿಂಗಡಿಸಿದುದೋ ಆಗಿರಬೇಕು. ಆರ್ಕಿಡ್ ಕುಲದ ಸಮಸ್ತ ಜಾತಿಗಳ ಅಂತರರಾಷ್ಟ್ರೀಯ ವ್ಯಾಪಾರಕ್ಕೂ ನಿರ್ಬಂಧವಿರುವ ಈ ಕಾಲದಲ್ಲಿ, ಕಾಡಿನ ಕೊಂಬೆಯಿಂದ ಕಿತ್ತುತಂದ ಗಿಡಕ್ಕೆ ಬಹುಮಾನ ಕೊಟ್ಟರೆ ಮುಂದಿನ ವರ್ಷ ಆ ಕೊಂಬೆಗಳೆಲ್ಲ ಬರಿದಾಗುವುವು. ಗಿಡದ ಮೂಲವನ್ನು ಬರೆದುಕೊಡದವರ ಅರ್ಜಿಯನ್ನು ಸ್ವೀಕರಿಸಕೂಡದು. ಸೀತಾಳೆಯ ಬೀಜವನ್ನು ಸೀಸೆಯಲ್ಲಿ ಮೊಳೆಯಿಸಿ ಸಸಿಗಳನ್ನು ಸದಸ್ಯರಿಗೆ ಕ್ರಯಕ್ಕೆ ಹಂಚುವ ಕೆಲಸವನ್ನು ಸಂಘವೂ ಇಲಾಖೆಯೂ ಕೂಡಿ ಇಂದೇ ಆರಂಭಿಸಿದರೂ ಮೊದಲ ಹೂವಿಗೆ ಕೆಲವು ವರ್ಷಗಳು ಬೇಕು. ಆದಕಾರಣ ಬರುವ ಸರ್ವಸದಸ್ಯರ ಸಭೆಯಲ್ಲಿಯೇ ಈ ವಿಷಯವನ್ನು ಚರ್ಚೆಗೆ ತೆಗೆದುಕೊಳ್ಳಬೇಕೆಂದು ವಿನಯಪೂರ್ವಕವಾಗಿ ಕೇಳಿಕೊಳ್ಳುತ್ತೇನೆ.